ಅಕ್ಕೋರು ತಡೆದ ಕಂತು

ಅವರು ತೀರಿಕೊಂಡ ಹದಿನೈದು ದಿನಕ್ಕೆ ಯಾದಗಿರಿಯಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಮಾತಾಡಿದವರು ಆರು ಜನ. ಅವರಲ್ಲಿ ನಾಲ್ವರು 'ಬಹಳ ಮೃದು ಸ್ವಭಾವದವರು' ಎಂದರು. ನಾನು ಮೂರನೆಯ ಸಾಲಿನ ಕುರ್ಚಿಯಲ್ಲಿ ಮಿಸುಕಾಡಿದೆ. ಇವರೆಲ್ಲ ಯಾರ ಬಗ್ಗೆ ಹೇಳುತ್ತಿದ್ದಾರೆ? ಇಪ್ಪತ್ತಾರು ವರ್ಷ ಒಂದೇ ಶಾಲೆಯಲ್ಲಿ ಅವರ ಜೊತೆ ಕೆಲಸ ಮಾಡಿದವಳಾದ ನನಗೆ ಆ ಮೃದು ಸ್ವಭಾವ ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಚಿತ್ರಕಲೆಯ ಪೀರಿಯಡ್ಡನ್ನು ಗಣಿತದ ಮಾಸ್ತರರು ಕಿತ್ತುಕೊಂಡಾಗ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿ ಜಗಳವಾಡಿದವರು ಅವರು. ಹೊರಗೆ ಬಂದ ಮೇಲೆ, 'ನಿನಗ ದೇವರು ಬಾಯಿ ಕೊಟ್ಟಿಲ್ಲೇನು?' ಎಂದು ನನ್ನನ್ನೂ ಬೈದರು. ಅವರ ಪ್ರೀತಿ ಬೈಗುಳದ ಬಾಗಿಲಿನಿಂದಲೇ ಒಳಗೆ ಬರುತ್ತಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಿಮಗೆ ಧಾರಾವಾಹಿ ನೆನಪಾಗುತ್ತದೆ, ಧಾರಾವಾಹಿ ನೆನಪಾದರೆ ಅದರ ನಾಯಕಿ ನೆನಪಾಗುತ್ತಾಳೆ, ಆಮೇಲೆ ನಾನು ಹೇಳುವುದನ್ನು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ರೂಢಿ. ಶಹಾಪುರದಲ್ಲಿ ಅಂಥವರು ಬೇಕಾದಷ್ಟು ಜನ ಇದ್ದರು. ಆದರೆ ಬರೀ 'ಅಕ್ಕೋರು' ಎಂದರೆ ಇವರೊಬ್ಬರೇ. ಆರು ಕಾದಂಬರಿ ಬರೆದರು, ಟೀವಿಗೆ ಎಷ್ಟು ಕಂತು ಬರೆದರೆಂಬ ಲೆಕ್ಕ ಅವರಿಗೂ ಇರಲಿಲ್ಲ. ಈ ಸೀಮೆಯಿಂದ ಒಬ್ಬ ಹೆಣ್ಣುಮಗಳು ಟೀವಿಗೆ ಬರೆಯಬಹುದು ಎಂದು ಅವರಿಗಿಂತ ಮೊದಲು ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೇಳುವ ಧೈರ್ಯ ಇರಲಿಲ್ಲ.

ಊರಿಗೆ ಟೀವಿ ಬಂದ ಹೊಸತು. ಬೆಂಗಳೂರಿನ ನಾಟಕಗಳಲ್ಲಿ ಹೆಂಗಸರು ರೇಷ್ಮೆ ಸೀರೆಯುಟ್ಟು ಸೋಫಾದ ಮೇಲೆ ಕೂತು ಅಳುತ್ತಿದ್ದರು. ಅಕ್ಕೋರು ಒಂದು ವಾರ ನೋಡಿ, "ಇವರು ರೊಟ್ಟಿ ಯಾವಾಗ ಬಡೀತಾರ?" ಎಂದು ಕೇಳಿದರು. ಮುಂದಿನ ವಾರ ತಾವೇ ಬರೆಯಲು ಕೂತರು. ಚಿತ್ರಕಥೆ ಎಂದರೆ ಹೇಗಿರುತ್ತದೆ ಎಂದು ಅವರೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಹಳೆಯ ಉತ್ತರ ಪತ್ರಿಕೆಗಳಲ್ಲಿ ಮಕ್ಕಳು ಖಾಲಿ ಬಿಟ್ಟ ಹಾಳೆಗಳನ್ನು ಕಿತ್ತಿಟ್ಟುಕೊಂಡಿದ್ದರು, ಅವುಗಳ ಮೇಲೇ ಬರೆದರು. ಅಂಕ ಹಾಕುವ ಅಂಚಿನಲ್ಲಿ ಪ್ರತಿ ದೃಶ್ಯಕ್ಕೆ ಎಷ್ಟು ನಿಮಿಷ ಎಂದು ಹಾಕಿ, ಕೊನೆಗೆ ಒಟ್ಟು ಕೂಡಿಸಿ ಎರಡು ಗೆರೆ ಎಳೆದಿದ್ದರು. ಅವರ ಅಕ್ಷರ ಕೋಳಿ ಕೆದರಿದ ಹಾಗೆ. ನನ್ನದು ದುಂಡಗೆ. ಹೀಗಾಗಿ ಶುದ್ಧಪ್ರತಿ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು, ಅವರು ಪೆನ್ನು ಕೆಳಗಿಡುವವರೆಗೂ ಬಿಡಲಿಲ್ಲ.

ಆ ನಾಟಕ ಒಪ್ಪಿಗೆಯಾಗಿ ಬೆಂಗಳೂರಿನ ಟೀವಿ ಕೇಂದ್ರದಿಂದ ಕರೆ ಬಂತು. ಒಬ್ಬರೇ ಹೋದರು. ಅಲ್ಲಿನ ಸಾಹೇಬರು ಬಾಗಿಲ ಕಡೆ ಎರಡು ಸಲ ನೋಡಿ, "ನಿಮ್ಮ ಯಜಮಾನರು ಬರಲಿಲ್ವಾ?" ಎಂದರಂತೆ.

"ಬಂದಿಲ್ರಿ. ಬರಿಯಾಕಿ ನಾನ," ಎಂದು ಹೇಳಿ, ಅವರು ಕೂರಿ ಎನ್ನುವ ಮುಂಚೆ ಕುರ್ಚಿ ಎಳೆದುಕೊಂಡು ಕೂತರಂತೆ. ಇದನ್ನು ಹೇಳುವಾಗಲೆಲ್ಲ ಅವರು ಕುರ್ಚಿ ಎಳೆದು ತೋರಿಸುತ್ತಿದ್ದರು. ನಮ್ಮ ಸ್ಟಾಫ್‌ರೂಮಿನ ನೆಲದ ಮೇಲೆ ಆ ಗೀರು ಇನ್ನೂ ಇರಬೇಕು.

ಅವರ ಬರವಣಿಗೆಯ ಪರೀಕ್ಷೆ ನಡೆಯುತ್ತಿದ್ದದ್ದು ಬೆಂಗಳೂರಿನಲ್ಲಲ್ಲ, ಅವರ ಬಾಡಿಗೆ ಮನೆಯ ಅಂಗಳದಲ್ಲಿ. ಇಡೀ ಓಣಿಗೆ ಪರಸಿ ಕಲ್ಲು ಹಾಸಿದ ಅಗಲ ಅಂಗಳ ಅದೊಂದೇ. ಭಾನುವಾರ ಮುಂಜಾನೆ ಏಳೆಂಟು ಜನ ಹೆಂಗಸರು ಜೋಳ, ತೊಗರಿ ಹೊತ್ತು ತಂದು ಅಲ್ಲಿ ಹಸನು ಮಾಡುತ್ತಿದ್ದರು. ಅಕ್ಕೋರು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತು ಆ ವಾರದ ಕಂತುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾರನ್ನೂ 'ಹೇಗಿದೆ' ಎಂದು ಕೇಳುತ್ತಿರಲಿಲ್ಲ. ಓದುತ್ತಾ ಮೊರಗಳ ಸಪ್ಪಳಕ್ಕೆ ಕಿವಿ ಕೊಡುತ್ತಿದ್ದರು. ಸಪ್ಪಳ ನಿಂತರೆ ದೃಶ್ಯ ಪಾಸು. ಮೊರ ತನ್ನ ಪಾಡಿಗೆ ಆಡುತ್ತಿದ್ದರೆ ತುರುಬಿನಿಂದ ಪೆನ್ಸಿಲು ಕೆಳಗಿಳಿಯುತ್ತಿತ್ತು, ಆ ಪುಟಕ್ಕೆ ಅಡ್ಡಗೆರೆ ಬೀಳುತ್ತಿತ್ತು. ಎದುರು ಮನೆಯ ಖಾಸೀಂಬಿ ಮಾತ್ರ ಮೊರವೂ ನಿಲ್ಲಿಸುವಳು, ಬಾಯಿಯೂ ಬಿಡುವಳು. "ಇದು ಝೂಟ್ ಅದರಿ ಅಕ್ಕೋರೆ. ಅತ್ತಿ ಹಿಂಗ ಮಾಫಿ ಕೇಳ್ತಾಳೇನು? ನಮ್ಮತ್ತಿ ಸಾಯೂಮಟ ಕೇಳ್ಲಿಲ್ಲ." ಅಕ್ಕೋರು ನಕ್ಕು, ಅತ್ತೆಯ ಕ್ಷಮೆಯನ್ನು ಅಲ್ಲೇ ಹೊಡೆದುಹಾಕಿದ್ದನ್ನು ನಾನು ಕಂಡಿದ್ದೇನೆ.

ಅಂದರೆ ಇಡೀ ನಾಡಿಗೆ ಹತ್ತು ದಿನ ಕಳೆದು ತಿಳಿಯುವ ಕಥೆ ಈ ಏಳೆಂಟು ಜನರಿಗೆ ಮೊದಲೇ ಗೊತ್ತು. ಓದು ಮುಗಿದ ಮೇಲೆ ಪ್ರತಿಯೊಬ್ಬಳೂ ತನ್ನ ಮೊರದ ಕಾಳು ಮುಟ್ಟಿ, 'ಹೇಳಂಗಿಲ್ಲ' ಎನ್ನಬೇಕು. ಒಂದು ಸಲವೂ ಒಂದು ಮಾತೂ ಹೊರಬೀಳಲಿಲ್ಲ. ಗಂಡಂದಿರು ಮುಂದೇನಾಗುತ್ತದೆ ಎಂದು ಗೋಗರೆದರೂ ಹೇಳುತ್ತಿರಲಿಲ್ಲವಂತೆ.

ಅಂಗಳಕ್ಕೆ ಬರುವವರಲ್ಲಿ ಗೋಗಿಯ ನಿಂಗಮ್ಮನೂ ಒಬ್ಬಳು. ನಿಂಗಮ್ಮ ಎನ್ನುವುದು ನಾನಿಟ್ಟ ಹೆಸರು. ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಭಾನುವಾರದ ಮೊದಲ ಟಂಟಂ ಆಟೋ ಹತ್ತಿ ಬಂದು, ಓಣಿಯ ನಾಲ್ಕು ಮನೆಗಳ ಕಾಳು ಕೂಲಿಗೆ ಹಸನು ಮಾಡಿಕೊಟ್ಟು ಹೋಗುವಳು. ಮಾತು ಕಡಿಮೆ. ಆದರೆ ಅವಳ ಮೊರ ನಿಂತಿತೆಂದರೆ ಅಕ್ಕೋರಿಗೆ ಬಹುಮಾನ ಬಂದಷ್ಟು ಖುಷಿ.

ಆ ದೊಡ್ಡ ಧಾರಾವಾಹಿ ನಡೆಯುತ್ತಿದ್ದ ಕಾಲ. ಒಂದು ಭಾನುವಾರ ಅಕ್ಕೋರು ಹೊಸ ಕಂತು ಓದಿದರು. ಕಥೆಯ ತಾಯಿ ತನ್ನ ನಾಲ್ಕನೆಯ ಹೆಣ್ಣುಕೂಸನ್ನು ಮಕ್ಕಳಿಲ್ಲದ ತಂಗಿಯ ಮಡಿಲಿಗೆ ಹಾಕುತ್ತಾಳೆ. ಕೂಸಿಗೆ ಯಾವತ್ತೂ ತಿಳಿಯಬಾರದೆಂದು ಮಾತು ತೆಗೆದುಕೊಳ್ಳುತ್ತಾಳೆ. ಹೋಗುವ ಮುಂಚೆ ಒಂದೇ ಒಂದು ಎಚ್ಚರಿಕೆ ಹೇಳುತ್ತಾಳೆ: "ಅಕಿಗಿ ಶೇಂಗಾ ತಿನಸಬ್ಯಾಡ. ಮೈತುಂಬ ದದ್ದು ಏಳ್ತಾವ. ನಂದೂ ಹಂಗ ಅದ." ಅಂಗಳದಲ್ಲಿ ಮೊರಗಳು ನಿಂತವು. ಖಾಸೀಂಬಿ ಕೂಡ ಬಾಯಿಗೆ ಸೆರಗು ಹಿಡಿದು ಕೂತಳು. ಅಕ್ಕೋರ ಮುಖ ಅರಳಿತು. ಅಷ್ಟು ಪೂರ್ಣವಾದ ಮೌನ ಆ ಅಂಗಳದಲ್ಲಿ ಹಿಂದೆಂದೂ ಆಗಿರಲಿಲ್ಲ, ಒಂದು ಮೊರದ ಸಪ್ಪಳ ಬಿಟ್ಟರೆ. ನಿಂಗಮ್ಮ ಕೇರುತ್ತಲೇ ಇದ್ದಳು. ಹೊಟ್ಟಿನ ಜೊತೆ ಕಾಳೂ ಹೊರಗೆ ಚೆಲ್ಲುತ್ತಿತ್ತು. ಆಮೇಲೆ ಟಂಟಂ ಹೋಗಿಬಿಡುತ್ತದೆ ಎಂದು ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಹೋದಳು.

ಸಂಜೆ ಅಕ್ಕೋರು ಲಕೋಟೆಯನ್ನು ಬೆಂಗಳೂರು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಬಂದರು. ಹಾಗೆ ಕಳಿಸುವುದೇ ರೂಢಿಯಾಗಿತ್ತು. ನಾನು ಚೇಷ್ಟೆ ಮಾಡಿದೆ: "ಎಲ್ಲಾರೂ ಪಾಸ್ ಮಾಡಿದ್ರೂ ನಿಂಗಮ್ಮ ಫೇಲ್ ಮಾಡಿದ್ಳರಿ. ಅಕಿ ಮೊರ ನಿಲ್ಲಲೇ ಇಲ್ಲ."

ಅಕ್ಕೋರು ನಗಲಿಲ್ಲ. "ಏನಂದಿ?" ಎಂದರು. ಮತ್ತೆ ಹೇಳಿಸಿಕೊಂಡರು. ಆಮೇಲೆ ಮೆಟ್ಟಿಲ ಮೇಲೆ ಕೂತರು.

"ಅಕಿ ಶೇಂಗಾ ತಿನ್ನಂಗಿಲ್ಲ," ಎಂದರು. "ಅಯ್ಯ ನನ್ನ ಬುದ್ಧಿಗಿಷ್ಟು. ಕಡೇಚೂರಿನ ಅಕಿ ತಂಗಿಗೆ ಆ ಕಾಗದ ಬರಕೊಟ್ಟಾಕಿ ನಾನ."

ಓದು ಬಾರದ ಹೆಂಗಸರಿಗೆಲ್ಲ ಅವರು ಕಾಗದ ಬರೆದುಕೊಡುತ್ತಿದ್ದರು. ನಿಂಗಮ್ಮ ತನ್ನ ಕೂಸನ್ನು ತಂಗಿಗೆ ಕೊಟ್ಟಾಗಿನ ಆ ಕಾಗದ ಬರೆದು ಹದಿನೆಂಟು ವರ್ಷವಾಗಿತ್ತು. ಬರೆದದ್ದು ಮರೆತಿತ್ತು. ಮಾತುಗಳು ಮಾತ್ರ ಒಳಗೆಲ್ಲೋ ಉಳಿದು, ತಾವೇ ಕಟ್ಟಿದ ಕಥೆಯೆಂಬಂತೆ ಮೇಲೆ ಬಂದಿದ್ದವು. ನಮ್ಮ ಕಡೆ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇರುತ್ತದೆ. ಊಟಕ್ಕೆ ಕೂತು ಶೇಂಗಾ ಬೇಡ ಎನ್ನುವವರನ್ನು ಊರೆಲ್ಲ ನೆನಪಿಡುತ್ತದೆ. ಟೀವಿಯಲ್ಲಿ ಆ ಒಂದು ಮಾತು ಬಂದರೆ ಸಾಕು, ಗೋಗಿಯ ದೊಡ್ಡಮ್ಮನನ್ನೂ ಕಡೇಚೂರಿನ ಹುಡುಗಿಯನ್ನೂ ಜೋಡಿಸಲು ಯಾರಿಗೂ ಅರ್ಧ ನಿಮಿಷ ಬೇಡ.

ಸೋಮವಾರ ಬೆಳಿಗ್ಗೆ ಇಬ್ಬರೂ ಗೋಗಿಗೆ ಹೋದೆವು. ನಿಂಗಮ್ಮ ಬೈಯಲಿಲ್ಲ, ಅಳಲಿಲ್ಲ. "ಪೋರಿ ಲಗ್ನ ಮುಂದಿನ ತಿಂಗಳ ಅದರಿ," ಎಂದಳು. "ದಿನಾ ಸಂಜಿಮುಂದ ನಿಮ್ಮ ಕತಿ ನೋಡಾಕ ಕುಂದರ್ತಾಳಂತ. ಮನಿ ತುಂಬ ಮಂದಿ ಇರ್ತಾರ. ಅಷ್ಟು ಮಂದಿ ನಡುವ ತಿಳಿಬಾರದಿತ್ತರಿ ಅಕಿಗಿ. ತಿಳಿಯೂದಿದ್ರ ನನ್ನ ಬಾಯಿಲೆ ತಿಳಿಬೇಕಿತ್ತು."

ಅಕ್ಕೋರು ಅವಳ ಕೈ ಹಿಡಿದರು. "ನೀವೆಲ್ಲಾ ಕಾಳು ಮುಟ್ಟಿ ನನ್ನ ಗುಟ್ಟು ಕಾಯ್ದ್ರಿ. ನಾ ನಿಂದೊಂದು ಕಾಯ್ಲಿಲ್ಲ. ಆದ್ರ ಆ ಕಂತು ಬರಾಕ ಬಿಡಂಗಿಲ್ಲ ನಾ," ಎಂದರು.

ಹಾಗೆ ಹೇಳುವುದು ಸುಲಭ. ಶಹಾಪುರಕ್ಕೆ ಬಂದು ಫೋನು ಮಾಡಿದರೆ ನಿರ್ದೇಶಕರು ಆಗಲೇ ಲಕೋಟೆ ಒಡೆದು ಓದಿ ಕುಣಿಯುತ್ತಿದ್ದರು. "ಮೇಡಂ, ಇಲ್ಲಿ ಓದ್ತಾ ಇದ್ರೆ ಲೈಟ್ ಹುಡುಗರೆಲ್ಲ ಕಣ್ಣೊರೆಸಿಕೊಂಡ್ರು. ಇದನ್ನ ಬಿಡೋಕಾಗುತ್ತಾ? ಗುರುವಾರ ಶೂಟಿಂಗ್. ಇದಕ್ಕಿಂತ ಗಟ್ಟಿಯಾದದ್ದು ತಂದ್ರೆ ನೋಡೋಣ. ಇಲ್ಲಾಂದ್ರೆ ಇದೇ ಹೋಗುತ್ತೆ." ಬರೆದುಕೊಟ್ಟ ಮೇಲೆ ಕಥೆ ಅವರದು. ಕಾಗದಪತ್ರದಲ್ಲಿ ಹಾಗೇ ಇತ್ತು.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಚೀಲದಲ್ಲಿ ಎರಡು ಸೀರೆ, ಒಂದು ಕಟ್ಟು ಹಾಳೆ. ಸುರಪುರ ಬಂದಾಗ ಅಕ್ಕೋರು ಸಟ್ಟನೆ ಎದ್ದು, "ಇಳಿ, ಇಲ್ಲೊಂದು ಕೆಲಸ ಅದ. ಹಿಂದ ಬರೂ ಬಸ್ಸಿಗೆ ಹೋಗೂಣು," ಎಂದರು. ಏರುದಾರಿಯಲ್ಲಿ ನಡೆದು ಒಂದು ಮನೆಯ ಮುಂದೆ ನಿಂತರು. ಕಟ್ಟೆಯ ಮೇಲೆ ಕನ್ನಡಕದ ಹಿರಿಯರೊಬ್ಬರು ಪೇಪರು ಓದುತ್ತಿದ್ದರು. ಇವರನ್ನು ಕಂಡು ಪೇಪರು ಮಡಿಚಿ, "ಬರ್ರಿ, ಕುಂದರ್ರಿ," ಎಂದರು. ಒಳಗೆ ತಿರುಗಿ, "ಶಹಾಪುರದ ಅಕ್ಕೋರು ಬಂದಾರ, ಛಾ ಇಡು," ಎಂದು ಕೂಗಿದರು.

ಅಕ್ಕೋರು ಕೂರಲಿಲ್ಲ. "ನಿಮ್ಮ ಒಪ್ಪಿಗಿ ಕೇಳಾಕ ಬಂದೀನಿ," ಎಂದರು. "ನಾ ಈ ಮನಿ ಬಿಟ್ಟು ಹೋದದ್ದು ಟೀವಿಗೆ ಬರಿಯಾಕತ್ತೀನಿ. ಹೆಸರು ಹಾಕಂಗಿಲ್ಲ. ಆದ್ರ ತಿಳಿಯಾವ್ರಿಗೆ ತಿಳೀತದ."

ಇವರು ಅಕ್ಕೋರ ಗಂಡ! ಗಂಡ ಅವರನ್ನು ಹೊರಗೆ ಹಾಕಿದನೆಂದು ಊರೆಲ್ಲ ನಂಬಿತ್ತು. ನಾನೂ ನಂಬಿದ್ದೆ, ಕಾಣದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಎಷ್ಟೋ ಸಲ ಶಾಪ ಹಾಕಿದ್ದೆ.

ಹಿರಿಯರು ಮಡಿಚಿದ ಪೇಪರನ್ನು ಪಕ್ಕಕ್ಕಿಟ್ಟರು. "ನಾ ಹೊಡದೆ, ಬಡದೆ ಅಂತ ಬರೀತೀರೇನು?"

"ಇಲ್ರಿ. ನೀವು ಛಲೋ ಮನಷ್ಯಾ ಅಂತನ ಬರೀತೀನಿ. ಪರೀಕ್ಷಾಕ್ಕ ಅಂತ ಹೋದಾಕಿ ತಿರುಗಿ ಬರ್ಲಿಲ್ಲ, ಸಂಸಾರ ನನಗ ಬ್ಯಾಡಾಗಿತ್ತು, ನಿಮ್ಮದೇನೂ ತಪ್ಪಿದ್ದಿಲ್ಲ ಅಂತ ಬರೀತೀನಿ."

"ಹಂಗಾರ ಬೈಸ್ಕೊಳ್ಳಾವ್ರು ನೀವ," ಎಂದು ಅವರು ನಕ್ಕರು. "ಬರೀರಿ. ನಾವೂ ದಿನಾ ನೋಡ್ತೀವಿ." ಅಷ್ಟರಲ್ಲಿ ಚಹ ತಂದ ಅವರ ಈಗಿನ ಹೆಂಡತಿ, "ನನ್ನ ಸುದ್ದಿ ಮಾತ್ರ ಬರೀಬ್ಯಾಡ್ರಿ ಮತ್ತ," ಎಂದರು. ಅವರ ಚಹ ಚೆನ್ನಾಗಿತ್ತು.

ಬಸ್ಸಿನಲ್ಲಿ ನಾನು ಮುಖ ಊದಿಸಿಕೊಂಡು ಕೂತೆ. ಲಿಂಗಸುಗೂರು ದಾಟಿದ ಮೇಲೆ ತಡೆಯಲಾರದೆ, "ಇಷ್ಟು ವರ್ಷ ನನಗೂ ಹೇಳ್ಲಿಲ್ಲಲ್ರಿ," ಎಂದೆ.

"ನೀ ಎಲ್ಲಿ ಕೇಳಿದಿ? ಪಾಪ ಅಂದಿ, ಸುಮ್ಮನಾದಿ."

"ಬ್ಯಾರೆ ಏನರ ಕತಿ ಕಟ್ರಿ ಅಕ್ಕೋರೆ. ಇದು ಬ್ಯಾಡ್ರಿ. ಊರಾಗ ಇರಾಕ ಬಿಡಂಗಿಲ್ಲ ಮಂದಿ."

"ಕಟ್ಟಿದ್ದು ಕೊಟ್ರ ಅವರು ಅಕಿದ ಇಟ್ಕೊಳ್ತಾರ. ಅದಕ್ಕ ಸಮ ತೂಗೂದು ನನ್ನ ಹಂತೇಕ ಇದೊಂದ ಅದ. ನಂದು ನಾ ಕೊಡಬೌದು. ಅಕಿದು ಅಕಿ ಕೈಯಾಗ ಇರ್ಲಿ."

ಮಂಗಳವಾರ ಇಡೀ ದಿನ ಲಾಡ್ಜಿನ ಮಂಚದ ಮೇಲೆ ಕೂತು ಬರೆದರು. ನಾನು ಪುಟ ಪುಟವಾಗಿ ಇಸಿದುಕೊಂಡು ಶುದ್ಧಪ್ರತಿ ಮಾಡಿದೆ. ಎರಡು ಕಡೆ ನನ್ನ ಕಣ್ಣೀರು ಬಿದ್ದು ಶಾಯಿ ಹರಡಿತು. "ಹಾಳಿ ಕೆಡಸಬ್ಯಾಡ, ಇರೂದ ಇಷ್ಟು," ಎಂದು ಅದಕ್ಕೂ ಬೈಸಿಕೊಂಡೆ. ಬುಧವಾರ ನಿರ್ದೇಶಕರು ನಿಂತುಕೊಂಡೇ ಓದಲು ಶುರುಮಾಡಿ, ಮೂರನೆಯ ಪುಟಕ್ಕೆ ಕೂತರು. ಮುಗಿಸಿ, "ಇದು ಎಲ್ಲಿಂದ ಹೊಳೀತು ಮೇಡಂ?" ಎಂದರು.

"ಹೊಳೀಲಿಲ್ರಿ. ಇತ್ತು. ಹಳೇ ಹಾಳಿ ವಾಪಸ್ ಕೊಡ್ರಿ," ಎಂದರು ಅಕ್ಕೋರು. ಒಂದೊಂದೇ ಪುಟ ಎಣಿಸಿ ಚೀಲಕ್ಕೆ ಹಾಕಿಕೊಂಡರು.

ಹೊಸ ಕಂತು ಪ್ರಸಾರವಾದ ದಿನ ನಾನು ಅವರ ಮನೆಯಲ್ಲಿದ್ದೆ. ಅಕ್ಕೋರು ಯಾವತ್ತೂ ಟೀವಿಗೆ ಬೆನ್ನು ಮಾಡಿ ಕೂತು ನೋಡುವವರ ಮುಖ ನೋಡುತ್ತಿದ್ದರು. ಅವತ್ತೂ ಹಾಗೇ ಕೂತರು. ನೋಡಲು ನಾನೊಬ್ಬಳೇ ಇದ್ದುದರಿಂದ ಪೂರ್ತಿ ಅರ್ಧ ಗಂಟೆ ನನ್ನ ಮುಖವನ್ನೇ ನೋಡಿದರು. ನಾಯಕಿ, "ಅವರು ನನ್ನ ಬಿಡ್ಲಿಲ್ಲ, ನಾನ ಬಿಟ್ಟು ಬಂದೆ," ಎಂದಾಗ ನಾನು ಬೇಕೆಂದೇ ತಲೆಯೆತ್ತಿ ಕೂತೆ.

ಊರಿಗೆ ತಿಳಿಯಲು ಒಂದು ದಿನ ಹಿಡಿಯಿತು. ಗಂಡ ಬಿಟ್ಟ ಹೆಣ್ಣು ಪಾಪ ಎಂದು ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದ ಮನೆಗಳಿಂದ ಹೋಳಿಗೆ ನಿಂತಿತು. ಗಂಡನನ್ನು ಬಿಟ್ಟ ಹೆಣ್ಣಿಗೆ ಹೋಳಿಗೆ ಯಾಕೆ? ಸ್ಟಾಫ್‌ರೂಮಿನಲ್ಲಿ ಒಬ್ಬರು, ಅಕ್ಕೋರು ಸಹಿ ಮಾಡಿ ಕೊಟ್ಟಿದ್ದ ಕಾದಂಬರಿಯನ್ನು ಮೇಜಿನ ಮೇಲಿಟ್ಟು ಹೋದರು. ಅಕ್ಕೋರು ಅದನ್ನು ನನಗೆ ಕೊಟ್ಟು, "ನಿನಗ ಈ ಪ್ರತಿ ಇದ್ದಿಲ್ಲಲ್ಲ," ಎಂದರು. ನಗುತ್ತಲೇ ಎಂದರು, ಆದರೆ ಆ ತಿಂಗಳು ಅವರು ಇಳಿದುಹೋದರು. ಅದನ್ನು ಕಂಡವಳು ನಾನು. ಮೃದು ಸ್ವಭಾವ ಎಂದವರಲ್ಲಿ ಇಬ್ಬರು ಅವತ್ತು ಅದೇ ಸ್ಟಾಫ್‌ರೂಮಿನಲ್ಲಿದ್ದರು.

ಮುಂದಿನ ಭಾನುವಾರ ಅಂಗಳಕ್ಕೆ ಬಂದವರು ಇಬ್ಬರೇ, ಖಾಸೀಂಬಿ ಮತ್ತು ನಿಂಗಮ್ಮ. ನಿಂಗಮ್ಮ ಕಾಳು ಸುರುವಿಕೊಂಡು ಕೂತಳು. ತುಸು ಹೊತ್ತಿನ ಮೇಲೆ, "ಮಂದಿ ಭಾಳ ಬೈಯಾಕತ್ತಾರೇನ್ರಿ?" ಎಂದಳು. "ಹೂಂ," ಎಂದರು ಅಕ್ಕೋರು. "ಬೈಲಿ ಬಿಡ್ರಿ. ಓದ್ರಿ," ಎಂದಳು. ಆ ವಿಷಯದಲ್ಲಿ ಅವರಿಬ್ಬರೂ ಮತ್ತೆ ಮಾತಾಡಿದ್ದು ನಾನು ಕೇಳಿಲ್ಲ. ಉಳಿದವರೆಲ್ಲ ಎರಡು ತಿಂಗಳಲ್ಲಿ ಒಬ್ಬೊಬ್ಬರಾಗಿ ಬಂದರು. ಕಥೆ ಮೊದಲೇ ತಿಳಿಯುವ ಚಟ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಕಡೇಚೂರಿನ ಮದುವೆ ಸುಸೂತ್ರವಾಗಿ ಆಯಿತು. ನಾವಿಬ್ಬರೂ ಹೋಗಿದ್ದೆವು. ನಿಂಗಮ್ಮ ದೊಡ್ಡಮ್ಮನ ಜಾಗದಲ್ಲಿ ನಿಂತು ಅಕ್ಷತೆ ಹಾಕಿದಳು.

ನುಡಿನಮನ ಮುಗಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. "ಟೀಚರ್, ಅವರ ಹಸ್ತಪ್ರತಿಗಳು ನಿಮ್ಮ ಹತ್ರ ಅದಾವಂತ. ಟೀವಿಯಾಗ ಬರಲಾರದ್ದು ಏನರ ಇದ್ರ ಕೊಡ್ರಿ, ಪುಸ್ತಕ ಮಾಡ್ತೀವಿ," ಎಂದಳು. ಮನೆಗೆ ಬಂದು ಟ್ರಂಕು ತೆಗೆದೆ. ಬೆಂಗಳೂರಿನಿಂದ ವಾಪಸು ತಂದಿದ್ದ ಆ ಹಾಳೆಗಳು ಹಾಗೇ ಇದ್ದವು. ಹರಿದು ಹಾಕಬಾರದಿತ್ತೇ ಎಂದು ಹಿಂದೊಮ್ಮೆ ಕೇಳಿದಾಗ, "ಕೈ ಬರ್ಲಿಲ್ಲ. ಅದರಷ್ಟು ಛಲೋ ನಾ ಮತ್ತ ಬರೀಲಿಲ್ಲ," ಎಂದಿದ್ದರು. ಓದಿ ನೋಡಿದೆ. ನಿಜ. ಹೆಸರು ಬದಲಿಸಿ, ಶೇಂಗಾದ ಮಾತು ತೆಗೆದು ಅಚ್ಚು ಹಾಕಿಸಿದರೆ ಯಾರಿಗೆ ತಿಳಿಯುತ್ತದೆ? ಎರಡು ದಿನ ನನ್ನ ಕೈ ತುರಿಸಿತು. ಮೂರನೆಯ ದಿನ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಗೋಗಿಯ ಟಂಟಂ ಹತ್ತಿದೆ.

ನಿಂಗಮ್ಮನಿಗೆ ಈಗ ಕಣ್ಣು ಮಂಜು. ತಂಗಿ ಹೋದ ವರ್ಷ ತೀರಿಕೊಂಡಿದ್ದಳು. ಕಡೇಚೂರಿನ ಮಗಳು ನಾಲ್ಕು ದಿನ ದೊಡ್ಡಮ್ಮನ ಹತ್ತಿರ ಇರಲು ಬಂದು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ದನಿ ಇಳಿಸಿ, ಹಾಳೆಗಳನ್ನು ನಿಂಗಮ್ಮನ ತೊಡೆಯ ಮೇಲಿಟ್ಟು, ಏನು ಮಾಡಲಿ ಎಂದು ಕೇಳಿದೆ. ಸುಡು ಎಂದರೆ ಅಲ್ಲೇ ಒಲೆಗೆ ಹಾಕಲು ಸಿದ್ಧಳಾಗಿದ್ದೆ.

ಅವಳು ಹಾಳೆಗಳ ಮೇಲೆ ಬಹಳ ಹೊತ್ತು ಕೈಯಾಡಿಸಿದಳು. "ಅಕ್ಕೋರು ಇದರಾಗ ನನ್ನ ಹ್ಯಾಂಗ ಬರದಾರ್ರಿ ಟೀಚರ್? ಕೂಸಿನ್ನ ಬಿಟ್ಟಾಕಿ ಅಂತೋ, ಕೊಟ್ಟಾಕಿ ಅಂತೋ?"

"ಕೊಟ್ಟಾಕಿ ಅಂತ," ಎಂದೆ.

ನಿಂಗಮ್ಮ ಒಳಗೆ ಮುಖ ಮಾಡಿ ಕೂಗಿದಳು. "ಯವ್ವಾ, ಒಲಿ ಆರಿಸಿ ಬಾ ಇಲ್ಲಿ. ನನ್ನ ಮಗ್ಗಲಿಗೆ ಕುಂದ್ರು." ಮಗಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದು ಕೂತಳು. ನಿಂಗಮ್ಮ ಹಾಳೆಗಳನ್ನು ತಡವಿ ಎತ್ತಿ ನನ್ನ ಕೈಗೆ ಕೊಟ್ಟಳು.

"ಓದ್ರಿ ಟೀಚರ್. ಒಂದು ಮಾತೂ ಬಿಡಬ್ಯಾಡ್ರಿ."